ಅಪ್ಪಣೆ ಕೇಳದ ಕೈ

ಮನುಷ್ಯನ ಕೈ ಅಪ್ಪಣೆ ಕೇಳಿಕೊಂಡು ಕೆಲಸ ಮಾಡುವ ಕಾಲ ಬಂದರೆ ಹೇಗಿರುತ್ತದೆ? ಬೆಳಿಗ್ಗೆ ಎದ್ದು ಒಲೆ ಹಚ್ಚೋಣ ಎಂದು ಹೊರಟರೆ ಕೈ ತಡೆಯುತ್ತದೆ, ಇರು, ಕೇಳಿ ಬರುತ್ತೇನೆ ಎನ್ನುತ್ತದೆ. ಕೇಳುವುದು ಯಾರನ್ನೋ ಅಲ್ಲ, ಬೆಂಗಳೂರಿನ ಯಾವುದೋ ಕಟ್ಟಡದೊಳಗೆ ತಣ್ಣಗೆ ಕುಳಿತ ಯಂತ್ರವನ್ನು. ಅದು ಆಗಲಿ ಅಂದಮೇಲೆ ಬೆರಳು ಬಿಚ್ಚಿಕೊಳ್ಳುತ್ತವೆ.

ದೇವೀರಮ್ಮನ ಬಲಗೈ ಅಂಥದ್ದು. ಪಾಂಡವಪುರದ ಬಸ್ ಡಿಪೊ ಎದುರಿಗೆ ಅವಳದೊಂದು ಮುದ್ದೆ ಹೋಟೆಲು. ಬೆಳಗಾದರೆ ಮೊಂಡುಗೈಗೆ ಮೆತ್ತನೆಯ ಪಟ್ಟಿ ಸುತ್ತಿ, ಅದರ ಮೇಲೆ ಕೈಯನ್ನು ಕೂರಿಸಿ, ಮಣಿಕಟ್ಟಿನ ಹತ್ತಿರದ ಪುಟ್ಟ ದೀಪವನ್ನೇ ನೋಡುತ್ತ ಕೂರುತ್ತಿದ್ದಳು. ಕೆಂಪು ಹೋಗಿ ಹಸಿರು ಬಂದರೆ ಕೆಲಸ. ಒಂದೊಂದು ದಿನ ಬೇಗ ಬರುತ್ತಿತ್ತು, ಒಂದೊಂದು ದಿನ ತಡ. ತಡವಾದ ದಿನ ಸೊಸೆ ಕುಸುಮ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು.

"ಏನತ್ತೆ, ನಿಮ್ಮ ಕೈ ಇನ್ನೂ ಎದ್ದಿಲ್ವಾ?"

"ಬೆಂಗ್ಳೂರಲ್ಲಿ ಮೊಕ ತೊಳೀತಾ ಐತೆ, ಇರವ್ವ," ಎನ್ನುತ್ತಿದ್ದಳು ದೇವೀರಮ್ಮ.

ನಗುನಗುತ್ತಲೇ ಹೇಳುತ್ತಿದ್ದರೂ ಅದು ಅವಳಿಗೆ ಸಾಕಾಗಿ ಹೋಗಿದ್ದ ಮಾತು. ಅಪ್ಪಣೆ ಬೆಳಿಗ್ಗೆ ಒಂದು ಸಲ ಸಿಕ್ಕರೆ ಮುಗಿಯಿತು ಅಂತಲೂ ಇರಲಿಲ್ಲ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಕೈ ತಾನೇ ಸದ್ದಿಲ್ಲದೆ ಮತ್ತೆ ಕೇಳಿಕೊಂಡು ಬರುತ್ತಿತ್ತು.

ಈ ಕೈ ಮೊದಲು ಹೀಗಿರಲಿಲ್ಲ.

ದೇವೀರಮ್ಮ ಹರೆಯದಲ್ಲಿ ಊರ ಪಕ್ಕದ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸಕ್ಕಿದ್ದಳು. ಗಾಣಕ್ಕೆ ಕಬ್ಬು ಕೊಡುವವರ ಕೈಗೆ ಕಬ್ಬಿನ ಹಾಲು ಹತ್ತಿ ಅಂಟಂಟಾಗುತ್ತದೆ, ಅದರ ಮೇಲೆ ಸಿಪ್ಪೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಒಂದು ಹಿಡಿ ಕಬ್ಬು ಕೊಟ್ಟವರು ಕೈಯನ್ನು ಒಮ್ಮೆ ಪಟ್ಟನೆ ಕೊಡವಿಯೇ ಇನ್ನೊಂದು ಹಿಡಿಗೆ ಕೈ ಹಾಕುವುದು. ಅದನ್ನು ಯಾರೂ ಕಲಿಸುವುದಿಲ್ಲ, ಅಲ್ಲಿ ನಿಂತವರಿಗೆಲ್ಲ ತಾನಾಗಿ ಬರುತ್ತದೆ. ಒಂದು ದಿನ ಕಬ್ಬಿನ ಜೊತೆ ಬೆರಳೂ ಹೋದವು, ಬೆರಳ ಜೊತೆ ಅಂಗೈ. ಆಸ್ಪತ್ರೆಯಲ್ಲಿ ಮಣಿಕಟ್ಟಿಗಿಂತ ಮೇಲಕ್ಕೆ ತೆಗೆದರು.

ಗಾಯ ಮಾಯಿತು. ಹೋಗದೆ ಉಳಿದದ್ದು ಅಂಟು. ಇಲ್ಲದ ಕೈ ಅವಳ ಪಾಲಿಗೆ ಇದ್ದೇ ಇತ್ತು, ಅದಕ್ಕೆ ಆ ದಿನದ ಕಬ್ಬಿನ ಹಾಲು ಹಾಗೇ ಅಂಟಿಕೊಂಡಿತ್ತು. ತೊಳೆಯೋಣ ಎಂದರೆ ನೀರು ಹೊಯ್ಯಲು ಜಾಗವಿಲ್ಲ. ಸೀರೆಗೆ ಒರೆಸೋಣ ಎಂದರೆ ಒರೆಸುವಂಥದ್ದು ಏನೂ ಇಲ್ಲ. ಮದುವೆಯಾಯಿತು, ಮಗ ಶಿವಲಿಂಗು ಹುಟ್ಟಿದ, ಗಂಡ ಸತ್ತ, ಮಗ ದೊಡ್ಡವನಾಗಿ ಲಾರಿ ಹತ್ತಿದ. ಅಂಟು ಮಾತ್ರ ಆರಲಿಲ್ಲ. ಗಂಡನಿಗೆ ಒಮ್ಮೆ ಹೇಳಿದ್ದಳು. ಅವನು ಪಾಪ, ಬಿಸಿನೀರು ಕಾಯಿಸಿ ಮೊಂಡುಗೈ ತೊಳೆದುಕೊಟ್ಟಿದ್ದ. ಆಮೇಲೆ ಯಾರಿಗೂ ಹೇಳಲಿಲ್ಲ.

ಮೈಸೂರಿನ ಹೊರಗಿನ ಸರ್ಕಾರಿ ಸಂಶೋಧನಾಲಯದಿಂದ ಜನ ಬಂದು, ಕೈ ಕಳೆದುಕೊಂಡವರು ಬೇಕಾಗಿದ್ದಾರೆ, ವಾರಕ್ಕೊಮ್ಮೆ ಬಂದು ಹೋಗುವ ಬಸ್ ಚಾರ್ಜು, ಊಟ ಕೊಡುತ್ತೇವೆ ಎಂದಾಗ ಅವಳು ಹೊರಟದ್ದು ಊಟದ ಆಸೆಗೇ. ಅಲ್ಲಿ ಇನಾಯತ್ ಎಂಬವರಿದ್ದರು. ಬಡಕಲು ಮನುಷ್ಯ, ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಅವಳ ಮೊಂಡುಗೈಗೆ ತಂತಿಯ ಪಟ್ಟಿ ಸುತ್ತಿ ಹೇಳಿದ್ದರು.

"ದೇವೀರಮ್ಮ, ಕೈ ಹೋದ್ರೂ ಕೈ ಆಡಿಸೋ ಮಾಂಸಖಂಡ ಅರ್ಧ ಇನ್ನೂ ಇಲ್ಲೇ ಇದೆ. ನೀವು ಮುಷ್ಟಿ ಕಟ್ತೀನಿ ಅಂದ್ಕೊಂಡ್ರೆ ಅದು ಒಳಗೇ ಸಣ್ಣಗೆ ಮಿಸುಕುತ್ತೆ. ಆ ಮಿಸುಕನ್ನ ಈ ಪಟ್ಟಿ ಕೇಳಿಸ್ಕೊಳ್ಳುತ್ತೆ. ಯಾವ ಮಿಸುಕು ಯಾವ ಕೆಲಸದ್ದು ಅಂತ ನಮ್ಮ ಪ್ರೋಗ್ರಾಂ ಕಲಿಯುತ್ತೆ. ಕಲಿಸೋದು ನೀವು."

"ನಾನಾ? ಮೂರನೇ ಕ್ಲಾಸಿಗೇ ಸ್ಕೂಲು ಬುಟ್ಟೋಳು ನಾನು, ಸಾಯೇಬ್ರೆ."

"ಅದು ಒಂದನೇ ಕ್ಲಾಸಿಗೂ ಹೋಗಿಲ್ಲ. ಪರವಾಗಿಲ್ಲ."

ಹೀಗೆ ಶುರುವಾಯಿತು. ಮುಷ್ಟಿ ಕಟ್ಟಿ, ಬಿಚ್ಚಿ. ಲೋಟ ಹಿಡಿಯಿರಿ, ಇಡಿ. ಸೂಜಿ ಹಿಡಿಯಿರಿ, ಬಿಡಿ. ಇಲ್ಲದ ಕೈಯಲ್ಲಿ ಇಲ್ಲದ ಲೋಟ. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಮರ ಕೊಯ್ಯುವ ಚಾಮಯ್ಯ ಎಂಬವನೂ, ನಂಜನಗೂಡಿನ ಕಾರ್ಖಾನೆಯ ಒಬ್ಬನೂ ಬರುತ್ತಿದ್ದರು. ಆದರೆ ತಪ್ಪದೆ ವರ್ಷಗಟ್ಟಲೆ ಬಂದವಳು ದೇವೀರಮ್ಮ ಒಬ್ಬಳೇ. ಹಾಗಾಗಿ ಆ ಪ್ರೋಗ್ರಾಂ ಹೆಚ್ಚಾಗಿ ಅವಳಿಂದಲೇ ಕಲಿಯಿತು.

ಮೋಟಾರು ಇಟ್ಟ ಮೊದಲ ಕೈಯನ್ನು ತೊಡಿಸಿದ ದಿನ ಲೋಟ ಹಿಡಿದಳು. ಇಡಿ ಎಂದರು. ಇಟ್ಟಳು. ಬೆರಳು ಬಿಚ್ಚುವ ಮೊದಲು ಕೈ ಪಟ್ಟನೆ ಒಮ್ಮೆ ಕೊಡವಿತು. ಲೋಟ ಮಗುಚಿ ಇನಾಯತ್ತರ ಷರಟು ಒದ್ದೆಯಾಯಿತು.

"ಇದ್ಯಾಕೆ ಹೀಗೆ?" ಎಂದು ಅವರು ಪರದೆಯಲ್ಲಿ ಹುಡುಕಾಡಿದರು. ಎಷ್ಟು ಹೊತ್ತಾದರೂ ಸಿಗಲಿಲ್ಲ. ತಿರುಗಿ ನೋಡಿದರೆ ದೇವೀರಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.

"ಹೋಯ್ತು ಸಾಯೇಬ್ರೆ," ಅಂದಳು. "ಅಂಟು ಹೋಯ್ತು."

ಬಿಚ್ಚು ಎಂದಾಗಲೆಲ್ಲ ಅವಳು ಒಳಗೊಳಗೇ ಮೊದಲು ಕೊಡವುತ್ತಿದ್ದಳು, ಆಮೇಲೆ ಬಿಚ್ಚುತ್ತಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ. ಕೈ ಬಿಚ್ಚುವುದು ಅಂದರೆ ಕೊಡವಿ ಬಿಚ್ಚುವುದು ಎಂದೇ ಪ್ರೋಗ್ರಾಂ ಕಲಿತುಬಿಟ್ಟಿತ್ತು. ಇನಾಯತ್ ಅದನ್ನು ಹಾಗೇ ಬಿಟ್ಟರು.

ಆಮೇಲೆ ಸರ್ಕಾರದ ದುಡ್ಡು ನಿಂತ ವರ್ಷ ಬಂತು. ಸಂಶೋಧನಾಲಯದ ನಿರ್ದೇಶಕರು ಬೇರೆ ದಾರಿ ಕಾಣದೆ ಬೆಂಗಳೂರಿನ ಒಂದು ಕಂಪನಿಯ ಜೊತೆ ಕರಾರು ಮಾಡಿಕೊಂಡರು. ಪ್ರೋಗ್ರಾಮನ್ನು ಕಂಪನಿಯೊಂದೇ ಬಳಸಬೇಕು, ಇನ್ನಾರಿಗೂ ತೋರಿಸಬಾರದು, ಇದು ಕರಾರು. ಕಂಪನಿಯವರು ಕೆಟ್ಟವರೇನಲ್ಲ. ಕೈಯನ್ನು ಹಗುರ ಮಾಡಿದರು, ತುಕ್ಕು ಹಿಡಿಯದಂತೆ ಮಾಡಿದರು, ಕಂಡೇ ಇರದ ಊರುಗಳಿಗೆ ಮುಟ್ಟಿಸಿದರು. ಪ್ರೋಗ್ರಾಮನ್ನು ತಿದ್ದಿ ನಯಗೊಳಿಸಿದರು. ಕೊಡವುವುದನ್ನು ದೋಷ ಎಂದು ತೆಗೆದುಹಾಕಿದರು. ಜೊತೆಗೆ, ಕದ್ದು ಬಳಸುವವರನ್ನು ತಡೆಯುವುದಕ್ಕೆಂದು ಅಪ್ಪಣೆ ಕೇಳುವ ಏರ್ಪಾಟನ್ನು ಸೇರಿಸಿದರು.

ದೇವೀರಮ್ಮನಿಗೂ ಹಳೆಯ ಕೈಯ ಬದಲಿಗೆ ಹೊಸ ಕೈ ಬಂತು. ಬೆಣ್ಣೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ಆ ರಾತ್ರಿಯೇ ಅಂಟು ವಾಪಸು ಬಂತು. ಒಳಗೆ ಅವಳು ಎಷ್ಟು ಕೊಡವಿದರೂ ಕೈ ಕೊಡವುತ್ತಿರಲಿಲ್ಲ. ಕೈ ಬಂದದ್ದೇ ದೊಡ್ಡದು, ಇನ್ನು ಅಂಟಿನ ಮಾತೇನು ಎಂದು ಸುಮ್ಮನಾದಳು. ಎಡಗೈಯಲ್ಲೇ ಮುದ್ದೆಯ ಕೋಲು ತಿರುಗಿಸಲು ಹೆಣಗಿದ ವರ್ಷಗಳು ನೆನಪಿದ್ದವಳು ಅವಳು.

ಆ ಸಲದ ಆಯುಧಪೂಜೆಯ ದಿನ ಡಿಪೊದಲ್ಲಿ ಬಸ್ಸುಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳದ ಕೆಂಪು. ಶಿವಲಿಂಗು ಲಾರಿ ತೊಳೆದು ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬಂದಿದ್ದ. ಕುಸುಮ ಈಳಿಗೆಮಣೆ, ಮುದ್ದೆಕೋಲು, ಕವೆಗೋಲು ಎಲ್ಲಕ್ಕೂ ಕುಂಕುಮ ಇಟ್ಟು ಅತ್ತೆಯ ಮುಂದೆ ನಿಂತಳು.

"ಕೈ ಬಿಚ್ಚಿಕೊಡಿ ಅತ್ತೆ, ಅದನ್ನೂ ಪೂಜೆಗಿಡ್ತೀನಿ. ಅದೂ ಆಯುಧನೇ ತಾನೆ?"

"ನಿನ್ ಕೈಯ ಬಿಚ್ಚಿ ಮಡಗ್ತೀಯಾ?"

"ನನ್ದು ಬರಾಕಿಲ್ವಲ್ಲ."

"ನನ್ದೂ ಬರಾಕಿಲ್ಲ ಅಂದ್ಕೊ. ಕುಂಕುಮ ಇಲ್ಲೇ ಇಡವ್ವ, ಸಾಕು. ಪೂಜೆ ಮುಗಿಸ್ಕೊಂಡು ಡಿಪೊದೋರು ಉಣ್ಣಕೆ ಬತ್ತಾರೆ."

ಕುಸುಮ ಆ ಪ್ಲಾಸ್ಟಿಕ್ ಕೈಗೆ ಕುಂಕುಮ ಇಟ್ಟು ಒಂದು ಸೇವಂತಿಗೆ ಸಿಕ್ಕಿಸಿದಳು. ಮಧ್ಯಾಹ್ನ ಡಿಪೊದವರು ಬಂದರು, ಉಪ್ಸಾರು ಕುದಿಯುತ್ತಿತ್ತು. ಕುಸುಮ ಕವೆಗೋಲಿನಿಂದ ಹಿಟ್ಟಿನ ಪಾತ್ರೆಯನ್ನು ಒತ್ತಿಹಿಡಿದಿದ್ದಳು, ದೇವೀರಮ್ಮ ಎರಡು ಕೈಯಲ್ಲಿ ಕೋಲು ಹಿಡಿದು ತೊಳಸುತ್ತಿದ್ದಳು. ಹಿಟ್ಟು ಗಟ್ಟಿಯಾಗುತ್ತ ಬಂದು ಕೋಲು ತೆಗೆಯುವ ಹೊತ್ತಿಗೆ ಬಲಗೈ ಬಿಡಲಿಲ್ಲ.

ಬಿಡು ಎಂದಳು ಒಳಗೆ. ಬಿಡಲಿಲ್ಲ. ಮಣಿಕಟ್ಟೂ ಸೆಟೆದುಕೊಂಡಿತ್ತು, ಕೈಯನ್ನು ಕಳಚುವ ಕೊಂಡಿಯೂ ಬಿಗಿದುಹೋಗಿತ್ತು. ದೀಪ ಕೆಂಪಾಗಿತ್ತು. ಗಾಬರಿಯಲ್ಲಿ ಎದ್ದು ನಿಂತು ಎಳೆದಳು. ಕೋಲಿನ ಜೊತೆ ಪಾತ್ರೆಯೂ ಎದ್ದು ಬಂತು. ಕುದಿಯುವ ರಾಗಿಹಿಟ್ಟು ಕುಸುಮಳ ಎಡಪಾದದ ಮೇಲೆ ಬಿತ್ತು.

ರಾಗಿಹಿಟ್ಟು ನೀರಿನ ಹಾಗೆ ಹರಿದುಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಡಿಪೊದ ಮೆಕ್ಯಾನಿಕ್ಕೊಬ್ಬ ಬಕೆಟ್ ನೀರು ಸುರಿದ. ದೇವೀರಮ್ಮ ಸೊಸೆಯ ಕಾಲು ಹಿಡಿಯಲು ಹೋದರೆ ಬಲಗೈಯಲ್ಲಿ ಇನ್ನೂ ಕೋಲು. ಕೋಲು ಹಿಡಿದುಕೊಂಡೇ ಆಟೋದಲ್ಲಿ ಆಸ್ಪತ್ರೆಗೆ ಹೋದಳು. ನರ್ಸಮ್ಮ ಯಾರಿಗೆ ಹೊಡೆಯಲು ಬಂದಿದ್ದೀರಿ ಎಂದು ಕೇಳಿದಳು. ಯಾರೂ ನಗಲಿಲ್ಲ.

ಶಿವಲಿಂಗು ಕಂಪನಿಗೆ ಫೋನು ಹಚ್ಚಿದ. ಯಾರೂ ಎತ್ತಲಿಲ್ಲ. ಮರುದಿನ ವಿಜಯದಶಮಿಯ ಬೆಳಿಗ್ಗೆ ದೀಪ ತಾನಾಗಿ ಹಸಿರಾಯಿತು, ಕೋಲು ಬಿತ್ತು. ಆಮೇಲೆ ಗೊತ್ತಾದ ಸಂಗತಿ ಇಷ್ಟು. ಕಂಪನಿಯ ಹುಡುಗರು ಅಪ್ಪಣೆ ಕೊಡುವ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಎಂದು ಆರಿಸಿ ಮನೆಗೆ ಹೋಗಿದ್ದರು. ಕೈ ತೊಟ್ಟವರೂ ಆ ದಿನ ಕೈಯನ್ನು ಪೂಜೆಗೆ ಇಟ್ಟಿರುತ್ತಾರೆ, ಯಾರು ಬಳಸುತ್ತಾರೆ ಎಂದುಕೊಂಡಿದ್ದರಂತೆ. ಅವರ ಮನೆಯಲ್ಲಿ ಕಾರು, ಕಂಪ್ಯೂಟರು ಎಲ್ಲ ಆ ದಿನ ಸುಮ್ಮನೆ ಕುಳಿತಿದ್ದವು. ಅಪ್ಪಣೆ ಬರದಿದ್ದರೆ ಹಿಡಿದದ್ದು ಕೆಳಗೆ ಬೀಳದಿರಲಿ ಎಂದು ಕೈ ಇದ್ದಲ್ಲೇ ಬಿಗಿದುಕೊಳ್ಳುವಂತೆ ಮಾಡಿದ್ದರು. ಅದೂ ಒಳ್ಳೆಯದಕ್ಕೇ ಮಾಡಿದ್ದು. ನಾಡಿನುದ್ದಕ್ಕೂ ಆ ದಿನ ಯಾರ್ಯಾರೋ ಬಾಗಿಲ ಹಿಡಿಕೆಗೆ, ಬಕೆಟಿಗೆ, ಮಗುವಿನ ರಟ್ಟೆಗೆ ಅಂಟಿಕೊಂಡು ನಿಂತಿದ್ದರು.

ಆಸ್ಪತ್ರೆಯಿಂದ ಬಂದ ಕುಸುಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಅಂದಳು, "ಮುಂದಿನ್ ವರ್ಷ ಪೂಜೆ ಮಾಡೋವಾಗ ನಮಗೂ ಒಂದು ಫೋನ್ ಮಾಡಿ ಅನ್ನಿ ಅತ್ತೆ. ಕಡ್ಲೆಪುರಿ ತಕ್ಕೊಂಡು ಹೋಗಾನ."

ದೇವೀರಮ್ಮ ಸೊಸೆಯ ಪಾದಕ್ಕೆ ಮುಲಾಮು ಹಚ್ಚುತ್ತಿದ್ದಳು, ಎಡಗೈಯಲ್ಲಿ.

ದೀಪಾವಳಿ ಕಳೆದರೂ ಕುಸುಮ ಚಪ್ಪಲಿ ಮೆಟ್ಟುವಂತಾಗಿರಲಿಲ್ಲ. ಒಂದು ಮಧ್ಯಾಹ್ನ ಹೋಟೆಲು ಖಾಲಿಯಿದ್ದ ಹೊತ್ತಿಗೆ ಇನಾಯತ್ ಬಸ್ಸಿಳಿದು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುದ್ದೆ ಉಂಡರು, ಮೊಸರನ್ನ ಉಂಡರು, ಕುಸುಮಳ ಕಾಲು ನೋಡಿ ತಲೆ ತಗ್ಗಿಸಿದರು.

"ಒಂದು ಸಮಿತಿ ಮಾಡಿದಾರೆ," ಎಂದರು ಕೊನೆಗೆ. "ಜನರ ದುಡ್ಡಲ್ಲಿ ಮಾಡಿದ ಪ್ರೋಗ್ರಾಂ ಜನಕ್ಕೆ ತೆರೆದಿರಬೇಕು ಅಂತ ಸರ್ಕಾರ ಹೋದ ವರ್ಷವೇ ನಿಯಮ ತಂದಿತ್ತು. ನಮ್ಮ ನಿರ್ದೇಶಕರು ಸುಮ್ಮನಿದ್ರು. ಈ ಆಯುಧಪೂಜೆ ಗಲಾಟೆ ಆದ್ಮೇಲೆ ಸುಮ್ಮನಿರೋಕಾಗಲಿಲ್ಲ."

"ತೆರೆದಿರೋದು ಅಂದ್ರೆ?" ಕೇಳಿದಳು ಕುಸುಮ.

"ಯಾರು ಬೇಕಾದ್ರೂ ತಗೋಬಹುದು, ಒಳಗೆ ಹೇಗಿದೆ ನೋಡಬಹುದು, ತಿದ್ದಬಹುದು, ಬೇರೆ ಕೈಗೆ ಹಾಕಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ಷರತ್ತು. ತಿದ್ದಿ ಇನ್ನೊಬ್ಬರಿಗೆ ಕೊಡೋರು ಅವರೂ ಹಂಗೇ ತೆರೆದು ಕೊಡಬೇಕು. ಬೀಗ ಹಾಕಬಾರದು."

"ಹೆಪ್ಪು ಇದ್ದಂಗೆ," ಅಂದಳು ಕುಸುಮ. "ಪಕ್ಕದ್ಮನೇಲಿ ಇಸ್ಕೊಂಡ್ ಬಂದಿದ್ದ ಹೆಪ್ಪು, ಇನ್ನೊಬ್ರು ಕೇಳುದ್ರೆ ಇಲ್ಲ ಅನ್ನಂಗಿಲ್ಲ."

"ಹಾಗೇ."

"ದೀಪ ಹಚ್ಚಿದ್ಮೇಲೆ ಕೊಡಬಾರದು ಅಂತ ಏನಾದ್ರೂ ಇದ್ದದಾ?"

ಇನಾಯತ್ ಬಂದಾಗಿನಿಂದ ಮೊದಲ ಸಲ ನಕ್ಕರು. "ಇಲ್ಲ ತಾಯಿ. ಯಾವಾಗ ಬೇಕಾದ್ರೂ ಕೊಡಬಹುದು." ನಗು ಬೇಗ ಆರಿತು. "ಆದ್ರೆ ಕಂಪನಿ ತಿದ್ದಿದ್ದು ಕಂಪನೀದೇ. ಅದು ಸಿಗಲ್ಲ. ಕರಾರಿಗೆ ಮುಂಚೆ ನಾವು ಬರೆದಿದ್ದು, ಆ ಹಳೇದು, ಅದನ್ನ ತೆರೀಬಹುದು. ಅದೂ ಬಳಕೆಗೆ ಯೋಗ್ಯ ಅಂತ ಸಮಿತಿಗೆ ಅನ್ನಿಸಿದ್ರೆ. ಅದು ಕೊಡವುತ್ತೆ, ದೋಷ ಇದೆ, ಯೋಗ್ಯ ಅಲ್ಲ ಅಂತಾರೆ ಕಂಪನಿ ವಕೀಲರು. ಯಾರಾದ್ರೂ ತೊಟ್ಟು ಅವರ ಎದುರಿಗೆ ಕೆಲಸ ಮಾಡಿ ತೋರಿಸಬೇಕು."

"ನಿಮ್ತಾವ ಹಳೇ ಕೈ ಐತಲ್ಲ?" ಅಂದಳು ದೇವೀರಮ್ಮ.

"ಮೋಟಾರು ತುಕ್ಕು ಹಿಡಿದು ಹೋಗಿದೆ. ಈಗ ಓಡ್ತಿರೋ ಕೈಗೇ ಹಾಕಬೇಕು. ಹಾಕಿದ್ರೆ ಕಂಪನೀದು ಅಳಿಸಿಹೋಗುತ್ತೆ. ಬೇರೆಯವರು ಕೈಯಿಟ್ಟ ಯಂತ್ರಕ್ಕೆ ಅವರು ಮತ್ತೆ ಅಪ್ಪಣೆ ಕೊಡಲ್ಲ." ಅವರು ಬೆರಳು ಹಿಸುಕಿಕೊಂಡರು. "ಚಾಮಯ್ಯ ತೀರಿಕೊಂಡ. ನಂಜನಗೂಡಿನೋನನ್ನ ಕೇಳಿದೆ. ತಪ್ಪು ತಿಳೀಬೇಡಿ ಸಾರ್, ಮಕ್ಕಳಿದಾರೆ ಅಂದ. ತಪ್ಪು ತಿಳಿಯೋಕೆ ಏನಿದೆ."

ದೇವೀರಮ್ಮ ಎದ್ದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಕವರು ತಂದು ಅವರ ಮುಂದಿಟ್ಟಳು. ಕಂಪನಿಯಿಂದ ಬಂದದ್ದು. ಕಾಲು ಸುಟ್ಟದ್ದಕ್ಕೆ ವಿಷಾದ, ಮೊದಲ ಸ್ವಯಂಸೇವಕಿ ಎಂಬ ಗೌರವಕ್ಕೆ ಬದುಕಿರುವವರೆಗೆ ಕೈಯೂ ಅದರ ಅಪ್ಪಣೆಯೂ ಉಚಿತ, ಕೆಟ್ಟರೆ ಮನೆಗೇ ಬಂದು ಸರಿಮಾಡುವುದು ಎಂದು ಅದರಲ್ಲಿತ್ತು. ಇನಾಯತ್ ಓದಿ ಮಡಚಿದರು.

"ಒಳ್ಳೇದು ದೇವೀರಮ್ಮ. ಬೇಡ ಅನ್ನಿ ಅಂತ ನಾನು ಹೇಳಲ್ಲ."

ಅವರು ಬಸ್ಸು ಹತ್ತಿಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಪಾತ್ರೆ ಬೆಳಗುತ್ತ ಕುಳಿತರು. ಶಿವಲಿಂಗು ಫೋನಿನಲ್ಲಿ, ಯೋಚ್ನೆ ಮಾಡೋಕೆ ಏನೈತೆ, ಬಿಟ್ಟಿ ಕೊಡ್ತೀನಿ ಅಂದ್ರೆ ಇಸ್ಕೊಳವ್ವ ಎಂದಿದ್ದ. ದೇವೀರಮ್ಮನಿಗೂ ಅದೇ ಸರಿ ಎನ್ನಿಸಿತ್ತು. ವಯಸ್ಸಾಗಿತ್ತು. ಇನ್ನೆಷ್ಟು ವರ್ಷ ಹಿಟ್ಟು ತೊಳಸಬೇಕೋ. ನಯವಾದ ಕೈ ಇದ್ದರೆ ಅಷ್ಟೇ ಸಾಕು.

"ನೀನೇನಂತೀಯೆ ಕುಸ್ಮಾ? ಸುಟ್ಕೊಂಡೋಳು ನೀನು."

ಕುಸುಮ ಸೌಟು ಉಜ್ಜುತ್ತಿದ್ದವಳು ತಲೆಯೆತ್ತಲಿಲ್ಲ. "ನಾನು ಇನ್ಮೇಲೆ ದೀಪ ನೋಡ್ಕೊಂಡೇ ಪಾತ್ರೆ ಹಿಡಿಯೋದು ಅತ್ತೆ. ಹಬ್ಬ ಇರ್ಲಿ, ಬುಡ್ಲಿ. ಕೆಂಪಾಗ್ತದೇನೋ ಅಂತ. ಅಷ್ಟೆಯ."

ಉಜ್ಜುತ್ತಲೇ ಅವಳು ಕೇಳಿದಳು. "ನೀವು ಯಾಕತ್ತೆ ಮಲಗ್ದಾಗ ಮೊಂಡುಗೈಯ ಚಾಪೆಗೆ ಒರೆಸ್ತಾ ಇರ್ತೀರ? ನಾನು ಮದುವೆಯಾಗಿ ಬಂದಾಗಿಂದ ನೋಡ್ತಾ ಇವ್ನಿ."

ಗಂಡನಿಗೆ ಒಮ್ಮೆ ಹೇಳಿ ಬಿಟ್ಟಿದ್ದ ಮಾತನ್ನು ದೇವೀರಮ್ಮ ಅಷ್ಟು ವರ್ಷದ ಮೇಲೆ ಇನ್ನೊಮ್ಮೆ ಹೇಳಿದಳು. ಕಬ್ಬಿನ ಹಾಲು, ಅಂಟು, ಆ ಮೊದಲ ಕೈ ಕೊಡವಿದ ದಿನ. ಕುಸುಮ ಸೌಟು ಕೆಳಗಿಟ್ಟು ಪೂರ್ತಿ ಕೇಳಿದಳು.

"ಅದನ್ನ ಆ ಕಂಪನಿಯೋರಿಗೆ ಹೇಳಾಕಿಲ್ವಾ?"

"ಏನಂತ ಹೇಳ್ಲಿ? ಇಲ್ದಿರೋ ಕೈ ಅಂಟ್ತದೆ ಅಂತವಾ?"

ಕುಸುಮ ನೀರು ಚೆಲ್ಲಿ ಎದ್ದಳು. "ಕೊಡವೋ ಕೈಯೇ ವಾಸಿ ಬುಡಿ. ನಾನು ಪಾತ್ರೆ ದೂರ ಮಡಗ್ತೀನಿ."

ಸಂಶೋಧನಾಲಯದಲ್ಲಿ ಕಿಟಕಿಯಿಲ್ಲದ ದೊಡ್ಡ ಕೋಣೆ. ಉದ್ದನೆಯ ಮೇಜಿನ ಆಚೆ ಸಮಿತಿ, ಒಂದು ಪಕ್ಕಕ್ಕೆ ಕಂಪನಿಯ ವಕೀಲರು, ಇನ್ನೊಂದು ಪಕ್ಕಕ್ಕೆ ಯಾರ ಕಡೆಯೂ ನೋಡದೆ ಕುಳಿತ ನಿರ್ದೇಶಕರು. ಸಮಿತಿಯ ಅಧ್ಯಕ್ಷೆ ದಪ್ಪ ಕನ್ನಡಕದ ಹೆಂಗಸು, ಬೆಳಗಿನಿಂದ ಕಾಗದ ಓದಿ ಓದಿ ಸೋತಂತೆ ಕಾಣುತ್ತಿದ್ದಳು.

"ಅಮ್ಮ, ಇದನ್ನ ಹಾಕಿಸ್ಕೊಂಡ್ರೆ ಕಂಪನಿ ಕೊಡ್ತೀನಿ ಅಂದಿರೋದು ನಿಮಗೆ ಸಿಗಲ್ಲ. ಯಾರೂ ಬಲವಂತ ಮಾಡಿಲ್ಲ ತಾನೆ?"

"ಇಲ್ಲ ತಾಯಿ."

"ತಿಳಿದೇ ಒಪ್ಪಿದೀರಾ?"

"ತಿಳ್ದಿದ್ದಷ್ಟು."

ಇನಾಯತ್ ಕೈಗೆ ತಂತಿ ಸಿಕ್ಕಿಸಿದರು. ಪರದೆಯಲ್ಲಿ ಏನೇನೋ ಅಕ್ಷರ ಓಡಿದವು. ಅವರ ಬೆರಳು ಒಂದು ಗುಂಡಿಯ ಮೇಲೆ ನಿಂತು ಬಿಟ್ಟಿತು. ದೇವೀರಮ್ಮನೇ, ಒತ್ತಿ ಸಾಯೇಬ್ರೆ, ಬಸ್ಸು ತಪ್ಪೋಯ್ತದೆ ಅಂದಳು. ಒತ್ತಿದರು. ಮಣಿಕಟ್ಟಿನ ಹಸಿರು ದೀಪ ಆರಿತು. ಕೆಂಪೂ ಬರಲಿಲ್ಲ. ಆಮೇಲೆ ಆ ದೀಪ ಯಾವತ್ತೂ ಹತ್ತಲಿಲ್ಲ.

ಮೇಜಿನ ಮೇಲೆ ಲೋಟ, ಬೀಗದ ಕೈ, ಗುಂಡಿಯಿರುವ ಅಂಗಿ, ಒಂದು ಮೊಟ್ಟೆ ಇಟ್ಟಿದ್ದರು. ಲೋಟ ಹಿಡಿದಳು, ಎತ್ತಿದಳು, ನೀರು ಕುಡಿದಳು, ಇಟ್ಟಳು. ಕೈ ಪಟ್ಟನೆ ಕೊಡವಿ ಬಿಚ್ಚಿಕೊಂಡಿತು. ಲೋಟದಲ್ಲಿ ಉಳಿದಿದ್ದ ನೀರು ಅಧ್ಯಕ್ಷೆಯ ಕಾಗದದ ಮೇಲೆ ಹಾರಿತು. ಬೀಗ ತೆಗೆದಳು. ಕೊಡವಿದ ರಭಸಕ್ಕೆ ಬೀಗದ ಕೈ ಮೇಜಿನ ಕೆಳಗೆ ಹೋಗಿ ಬಿತ್ತು, ನಿರ್ದೇಶಕರೇ ಬಗ್ಗಿ ಎತ್ತಿಕೊಟ್ಟರು. ಅಂಗಿಯ ಗುಂಡಿ ಹಾಕಿದಳು. ಮೊಟ್ಟೆಯನ್ನು ಎತ್ತಿ ಬಟ್ಟಲಿಗೆ ಇಳಿಸಿದಳು, ಅದು ಒಡೆಯಿತು. ವಕೀಲರು ಬರೆದುಕೊಂಡರು.

"ಇದೇ ದೋಷ," ಎಂದರು ವಕೀಲರು, ಕಟುವಾಗಿಯೇನೂ ಅಲ್ಲ. "ನಾವು ತೆಗೆದದ್ದು ಇದನ್ನೇ."

ಅಧ್ಯಕ್ಷೆ ಇನಾಯತ್ತರ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಲ್ಲ. ಯಾಕೆ ತೆಗೀಲಿಲ್ಲ?"

ಇನಾಯತ್ ದೇವೀರಮ್ಮನ ಮುಖ ನೋಡಿದರು. ಹೇಳಲೇ ಎಂದು ಕೇಳುವ ಹಾಗೆ ನೋಡಿದರು. ಅವಳೇ ಹೇಳಿದಳು, ಸೊಸೆಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ. ಗಾಣಕ್ಕೆ ಕಬ್ಬು ಕೊಡುತ್ತಿದ್ದೆ, ಕೈಗೆ ಹಾಲು ಅಂಟುತ್ತಿತ್ತು, ಕೈ ಹೋದ ಮೇಲೂ ಅಂಟು ಹೋಗಲಿಲ್ಲ, ಈ ಕೈ ಕೊಡವಿದರೆ ಹೋಗುತ್ತದೆ. ವಕೀಲರ ಪೆನ್ನು ನಿಂತಿತು.

"ಈಗ ಅಂಟು ಇದೆಯಾ?" ಕೇಳಿದಳು ಅಧ್ಯಕ್ಷೆ.

ದೇವೀರಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೊಟ್ಟೆಯ ಲೋಳೆ ಹತ್ತಿದ್ದ ಬೆರಳು.

"ಈಗಿಲ್ಲ," ಅಂದಳು.

"ಇದನ್ನ ಬೇಡ ಅನ್ನೋರು ತೆಗೀಬಹುದಾ?" ಅಧ್ಯಕ್ಷೆ ಮತ್ತೆ ಇನಾಯತ್ತರನ್ನು ಕೇಳಿದಳು.

"ತೆರೆದಿದ್ರೆ ತೆಗೀಬಹುದು. ಬೇಕು ಅನ್ನೋರು ಇಟ್ಕೋಬಹುದು."

ಸಮಿತಿ ಊಟಕ್ಕೆ ಎದ್ದಿತು. ಆ ದಿನ ಏನೂ ತೀರ್ಮಾನವಾಗಲಿಲ್ಲ. ಅಂಥದ್ದು ಒಂದು ದಿನಕ್ಕೆ ಆಗುವುದೂ ಇಲ್ಲ. ಯುಗಾದಿ ಬಂತು, ಮಳೆಗಾಲ ಬಂತು, ಸಮಿತಿಯ ಒಬ್ಬರಿಗೆ ವರ್ಗವಾಯಿತು, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಕುಳಿತಿತು. ಅಷ್ಟರಲ್ಲಿ ಇನಾಯತ್ತರ ನಿವೃತ್ತಿಯೂ ಆಯಿತು. ಬೀಳ್ಕೊಡುಗೆಗೆ ನಿರ್ದೇಶಕರು ಬರಲಿಲ್ಲ, ಶಾಲು ಹೊದಿಸಿದ್ದು ಗೇಟಿನ ಕಾವಲುಗಾರ. ಕೊನೆಗೊಮ್ಮೆ ಆದೇಶ ಬಂತು. ಲೋಪಗಳ ಸಮೇತ ಬಳಕೆಗೆ ಯೋಗ್ಯ, ಸಾರ್ವಜನಿಕರಿಗೆ ಮುಕ್ತ. ಇನಾಯತ್ ಫೋನು ಮಾಡಿ ಓದಿ ಹೇಳಿದರು. ಅವರ ದನಿಯಲ್ಲಿ ಸಂತೋಷವಿತ್ತೋ ಬರೀ ದಣಿವಿತ್ತೋ ದೇವೀರಮ್ಮನಿಗೆ ತಿಳಿಯಲಿಲ್ಲ. ಊಟ ಆಯ್ತಾ ಸಾಯೇಬ್ರೆ ಎಂದು ಕೇಳಿ ಫೋನಿಟ್ಟಳು.

ಹೋಟೆಲಿನಲ್ಲಿ ಬದುಕು ಹಳೆಯ ಕೈಗೆ ಹೊಂದಿಕೊಂಡಿತು. ಕುಸುಮ ಲೋಟ ತಟ್ಟೆಗಳನ್ನು ಅತ್ತೆಯ ಬಲಕ್ಕೆ ಇಡುವುದನ್ನು ಬಿಟ್ಟಳು. ಒಲೆಯ ಪಕ್ಕದ ಗೋಡೆ ತುಂಬ ರಾಗಿಹಿಟ್ಟಿನ ಚುಕ್ಕಿ. ಶಿವಲಿಂಗು ಒಂದು ಟಾರ್ಪಾಲು ತಂದು ಮೊಳೆ ಹೊಡೆದ. ಕೈ ಕೆಟ್ಟಾಗ ಕಂಪನಿಯವರು ಮನೆಗೆ ಬರಲಿಲ್ಲ. ಡಿಪೊದ ಮೆಕ್ಯಾನಿಕ್ಕೇ ಬಿಚ್ಚಿ, ವೈಪರಿನ ಮೋಟಾರು ಇಟ್ಟು ಕೂಡಿಸಿದ. ಅಂದಿನಿಂದ ಅದು ಸಣ್ಣಗೆ ಗುಂಯ್‌ಗುಡುತ್ತದೆ. ದೇವೀರಮ್ಮ ಚಾಪೆಗೆ ಮೊಂಡುಗೈ ಒರೆಸುವುದನ್ನು ಬಿಟ್ಟಿದ್ದಳು. ಕುಸುಮ ಅದನ್ನು ಗಮನಿಸಿದ್ದಳು, ಆಡಿ ತೋರಿಸಲಿಲ್ಲ.

ವರ್ಷಗಳಾದ ಮೇಲಿನ ಮಾತು. ಒಂದು ಮಧ್ಯಾಹ್ನ ಸಿಂಧನೂರಿನ ಕಡೆಯಿಂದ ಅಕ್ಕಿ ತಂದ ಲಾರಿಯೊಂದು ಡಿಪೊ ಪಕ್ಕ ನಿಂತಿತು. ಚಾಲಕನ ಜೊತೆ ಇಳಿದವನು ನಡುವಯಸ್ಸಿನ ಕ್ಲೀನರು. ಮುದ್ದೆ ಉಣ್ಣಲು ಬರದೆ ಅಗಿಯುತ್ತಿದ್ದವನನ್ನು ಕುಸುಮ, ನುಂಗಣ್ಣ, ಕಡೀಬ್ಯಾಡ ಎಂದು ರೇಗಿಸಿದಳು. ಅವನು ನಗುತ್ತ ಮಜ್ಜಿಗೆ ಕುಡಿದು ಲೋಟ ಇಟ್ಟ. ಇಟ್ಟ ಕೈ ಪಟ್ಟನೆ ಒಮ್ಮೆ ಕೊಡವಿ ಬಿಚ್ಚಿಕೊಂಡಿತು. ಮೇಜಿನ ಮೇಲೆಲ್ಲ ಮಜ್ಜಿಗೆ ಹನಿ.

ದೇವೀರಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ನೋಡಿದರೆ ಬಿಳೀ ಪ್ಲಾಸ್ಟಿಕ್ಕಿನ ಒರಟು ಕೈ. ಅವಳ ಕೈಯಷ್ಟೂ ಅಂದವಿರಲಿಲ್ಲ.

"ಎಲ್ಲಿ ಮಾಡ್ಸಿದ್ದಪ್ಪ ಇದು?"

"ರಾಯಚೂರಾಗ ಪಾಲಿಟೆಕ್ನಿಕ್ ಹುಡುಗರು ಮಾಡಿ ಕೊಟ್ಟಾರ್ರಿ ಯವ್ವ. ಪ್ರೋಗ್ರಾಂ ಪುಕ್ಕಟೆ ಸಿಗತೈತಂತ."

"ಅದ್ಯಾಕೆ ಹಂಗೆ ಕೊಡವ್ತದೆ?"

"ಯಾಂವಗ್ ಗೊತ್ರಿ. ಈ ಜಾತಿ ಕೈಯೆಲ್ಲಾ ಹಿಂಗ. ಹುಟ್ಟುಗುಣ ಇರಬೇಕು." ಅವನು ತನ್ನ ಕೈಯನ್ನೇ ನೋಡಿಕೊಂಡ. "ಕೊಡವದಂಗ ಮಾಡಿದ್ದೂ ಒಂದು ಐತಂತ, ಯಾರೋ ತಿದ್ದಿ ಬಿಟ್ಟಾರ. ಭಾಳ ಮಂದಿ ಅದನ್ನ ಹಾಕಿಸ್ಕೊಂಡಾರ. ನನಗೂ ಹುಡುಗರು ಕೇಳಿದ್ರು. ನಾ ಬ್ಯಾಡ ಅಂದೆ."

"ಯಾಕೆ?"

ಅವನು ಸ್ವಲ್ಪ ಸಂಕೋಚಪಟ್ಟ. ಚಾಲಕ ಬೀಡಿ ಸೇದಲು ಹೊರಗೆ ಹೋಗಿದ್ದನ್ನು ನೋಡಿಕೊಂಡು ದನಿ ತಗ್ಗಿಸಿದ.

"ನಂದು ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಹೋತ್ರಿ ಕೈ. ಹೋದ ಮ್ಯಾಲೂ ಬೆರಳಿಗೆ ಹತ್ತಿ ಅರಳೆ ಹತ್ತಿಕೊಂಡಂಗ ಅನಸ್ತಿತ್ತು. ಕೆರದ್ರ ಹೋಗಂಗಿಲ್ಲ, ಕೆರಿಯಾಕ ಕೈಯ ಇಲ್ಲ. ನಿಮಗ ನಗು ಬರಬಹುದು. ಇದು ಕೊಡವತೈತಲ್ಲ, ಆವಾಗ ಉದುರಿ ಹೋಗತೈತ್ರಿ."

ದೇವೀರಮ್ಮ ನಗಲಿಲ್ಲ. ಹೇಳಲು ಎಷ್ಟೋ ಇತ್ತು. ಗಾಣದಿಂದ ಶುರುಮಾಡಿದರೆ ಅವನ ಲಾರಿ ಹೊರಡುವ ಹೊತ್ತಿಗೂ ಮುಗಿಯುವುದಿಲ್ಲ. ಅವನ ಪಕ್ಕದ ಬೆಂಚಿನ ಮೇಲೆ ಕುಳಿತಳು. ತನ್ನ ಬಲಗೈಯಿಂದ ಇನ್ನೊಂದು ಮುದ್ದೆ ಎತ್ತಿ ಅವನ ತಟ್ಟೆಗೆ ಹಾಕಿದಳು. ಕೈ ಗುಂಯ್‌ಗುಟ್ಟಿ, ಕೊಡವಿ, ಬಿಚ್ಚಿಕೊಂಡಿತು.

ಅವನು ತಟ್ಟೆ ನೋಡಲಿಲ್ಲ. ಆ ಕೈ ನೋಡಿದ, ಆಮೇಲೆ ಅವಳ ಮುಖ ನೋಡಿದ.

"ನಿಮಗೂ ಹತ್ತಿ ಏನ್ರಿ ಯವ್ವ?"

"ನಂದು ಕಬ್ಬು ಕನಪ್ಪ," ಅಂದಳು ದೇವೀರಮ್ಮ. "ಉಣ್ಣು, ಆರೋಯ್ತದೆ."

ಊಟ ಮುಗಿಸಿ ಅವನು ಬಚ್ಚಲ ಕಟ್ಟೆಗೆ ಹೋದ. ದೇವೀರಮ್ಮ ಚೊಂಬಿನಲ್ಲಿ ನೀರು ಹೊಯ್ದಳು. ಅವನದೂ ಅವಳದೂ ಎರಡು ಕೈಗಳೂ ಒಂದಾದ ಮೇಲೊಂದರಂತೆ ಕೊಡವಿದವು. ಆಗಷ್ಟೇ ಒರೆಸಿದ ಗೋಡೆಯನ್ನು ನೋಡಿ ಕುಸುಮ ನಿಟ್ಟುಸಿರಿಟ್ಟು, ಬಟ್ಟೆಯನ್ನು ಮತ್ತೆ ಹಿಂಡಿಕೊಂಡು ಬಂದಳು.